ಅಲೆಗಿಂತ ಮುಂಚೆ ಬರಬೇಕಾದ ಸುದ್ದಿ

ಋತುವಿನ ಲೆಕ್ಕ

1785ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದಿಂದ ದೊಡ್ಡದೊಂದು ಪರಿವಾರ ಪಡುವಣ ಘಟ್ಟದ ಕಡೆಗೆ ಹೊರಟಿತು. ಟಿಪ್ಪು ಸುಲ್ತಾನ್ ಆಟೋಮನ್ ದೊರೆಯ ಬಳಿಗೆ ಕಳಿಸಿದ ರಾಯಭಾರ ಅದು. ಮುಖ್ಯಸ್ಥ ಗುಲಾಮ್ ಅಲಿ ಖಾನ್. ಖ್ವಾಜಾ ಅಬ್ದುಲ್ ಖಾದಿರ್ ದಾರಿಯುದ್ದಕ್ಕೂ ನಡೆದದ್ದನ್ನು ಪರ್ಷಿಯನ್ ಭಾಷೆಯಲ್ಲಿ ಬರೆದಿಡುತ್ತ ಹೋದ. ಶ್ರೀಗಂಧ, ಏಲಕ್ಕಿ, ಮೆಣಸಿನ ಜೊತೆಗೆ ನಾಲ್ಕು ಆನೆಗಳೂ ಇದ್ದವು. 1786ರ ಮಾರ್ಚ್ 9ರಂದು ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗುಗಳು ಹಾಯಿ ಬಿಚ್ಚಿದವು. ಹೊರಟವರು ಸುಮಾರು 900 ಮಂದಿ. ಪ್ಲೇಗು, ಬೆಂಕಿ, ಬಿರುಗಾಳಿ ಎಲ್ಲವನ್ನೂ ದಾಟಿ ಕೆಲವು ವರ್ಷಗಳ ನಂತರ ಮರಳಿ ಬಂದವರು ಬೆರಳೆಣಿಕೆಯಷ್ಟು.

ಮಾರ್ಚ್ ಎಂಬ ತಿಂಗಳಿಗೆ ಕಡಲಿನಲ್ಲಿ ಒಂದು ಅರ್ಥವಿತ್ತು. ಮುಂಗಾರು ಏಳುವ ಮೊದಲು ಅರಬ್ಬಿ ಸಮುದ್ರವನ್ನು ದಾಟಿಬಿಡುವ ಕೊನೆಯ ಅವಕಾಶ ಅದೇ. ಜೂನ್ ಬಂತೆಂದರೆ ಮಂಗಳೂರಿನಿಂದ ಕಾರವಾರದವರೆಗೆ ಅಳಿವೆಗಳೆಲ್ಲ ಮುಚ್ಚಿದ ಬಾಗಿಲು. ನದಿ ಕಡಲು ಸೇರುವಲ್ಲಿ ಅಲೆ ಮುರಿದು ಬೀಳುತ್ತಿತ್ತು. ಹೊರಗಿದ್ದವರು ಒಳಗೆ ಬರಲಾರರು, ಒಳಗಿದ್ದವರು ಹೊರಗೆ ಹೋಗಲಾರರು. ಮಂಜಿ, ಪತ್ತೇಮಾರಿ ಎಂಬ ಹಾಯಿಹಡಗುಗಳನ್ನು ದಡಕ್ಕೆ ಎಳೆದು ತೆಂಗಿನ ಗರಿ ಹೊದಿಸಿ ಇಡುತ್ತಿದ್ದರು. ಶ್ರಾವಣದ ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ, ಹಾಲು ಅರ್ಪಿಸಿದ ಮೇಲೆಯೇ ಮೊಗವೀರರೂ ಖಾರ್ವಿಗಳೂ ದೋಣಿ ಇಳಿಸುತ್ತಿದ್ದದ್ದು. ದೋಣಿಯ ಮುಖ್ಯಸ್ಥ ತಂಡೇಲನ ಕೈಯಲ್ಲಿದ್ದ ಮುನ್ಸೂಚನೆ ಅಷ್ಟೇ, ಆದರೆ ಗಟ್ಟಿಯಾದದ್ದು. ವರ್ಷದ ಯಾವ ತಿಂಗಳಲ್ಲಿ ಕಡಲನ್ನು ನಂಬಬಹುದು, ಯಾವ ತಿಂಗಳಲ್ಲಿ ನಂಬಬಾರದು ಎಂಬ ಲೆಕ್ಕ.

ಶ್ರೀರಂಗಪಟ್ಟಣದ ಸುತ್ತಲಿನ ಸಿಂಧಘಟ್ಟ, ನಾಗಮಂಗಲ, ಪಾಂಡವಪುರದ ಸೀಮೆಯವರಿಗೆ ಈ ಕಡಲು ಘಟ್ಟದಾಚೆಯ ಮಾತು. ಆದರೂ ಹೇಮಾವತಿ ನದಿಗೆ ಹೊಸ ನೀರು ತರುವ ಗಾಳಿಯೇ ಮಂಗಳೂರಿನ ಪಣಂಬೂರಿನ ಮುಂದೆ ಆಳೆತ್ತರದ ಅಲೆ ಎಬ್ಬಿಸುತ್ತದೆ. ಕಡಲಿನಿಂದ ಇಷ್ಟು ದೂರ ಕೂತಿದ್ದ ರಾಜಧಾನಿ ನೌಕಾಪಡೆಯ ಕನಸು ಕಂಡದ್ದೂ ಒಮ್ಮೆಯಲ್ಲ. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಹೈದರಾಲಿಯ ಹಡಗುಗಳನ್ನು ನಾಶ ಮಾಡಿದ್ದ. 1796ರಲ್ಲಿ ಟಿಪ್ಪು ಶ್ರೀರಂಗಪಟ್ಟಣದಿಂದ ಹೊಸ ಹುಕುಂ ಹೊರಡಿಸಿದ. 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟು, ಅವನ್ನು ನೋಡಿಕೊಳ್ಳಲು ‘ಮೀರ್ ಯಮ್’ ಎಂಬ ಅಧಿಕಾರಿಗಳ ಮಂಡಲಿ. ಮಂಗಳೂರು, ಹೊನ್ನಾವರದ ಬಳಿಯ ಬಸವರಾಜದುರ್ಗ, ಕಾರವಾರದ ಸದಾಶಿವಗಡ, ಈ ಮೂರು ಕಡೆ ನೆಲೆ. ಫಿರಂಗಿಯಿಂದ ಹಿಡಿದು ಸಿಬ್ಬಂದಿಯವರೆಗೆ ಲೆಕ್ಕ ಬರೆದಿದ್ದ ಆ ಯೋಜನೆ ಪೂರ್ತಿಯಾಗಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣವೇ ಬಿತ್ತು.

ಅಂದು ಆ ಹಡಗುಗಳೆಲ್ಲ ನೀರಿಗಿಳಿದಿದ್ದರೂ ಕಡಲಿನ ಬಗ್ಗೆ ಅವುಗಳ ನಾಯಕರಿಗೆ ತಂಡೇಲನಿಗಿಂತ ಹೆಚ್ಚೇನೂ ತಿಳಿದಿರುತ್ತಿರಲಿಲ್ಲ. ಹ್ಯೂಸ್‌ನಿಗೂ ತಿಳಿದಿರಲಿಲ್ಲ. ಬಿರುಗಾಳಿ ಕಣ್ಣಿಗೆ ಬಿದ್ದಾಗಲೇ ಗೊತ್ತಾಗುವುದು. ಆ ಹೊತ್ತಿಗೆ ಓಡಿ ತಪ್ಪಿಸಿಕೊಳ್ಳಲು ಸಮಯ ಇರುತ್ತಿರಲಿಲ್ಲ. ಅಲ್ಲಿಂದ ಈಚಿನ ಎರಡು ಶತಮಾನಗಳ ಕಥೆ ಎಂದರೆ ಆ ಸಮಯವನ್ನು ಗಳಿಸಿಕೊಂಡ ಕಥೆ.

ದಿನಗಳ ಲೆಕ್ಕ

ಮೊದಲ ಗಳಿಕೆ ತಂತಿಯಿಂದ ಬಂತು. 1864ರ ಅಕ್ಟೋಬರ್ 5ರ ಚಂಡಮಾರುತ ಕಲ್ಕತ್ತಾ ಬಂದರಿನಲ್ಲಿ ನಿಂತ ಹಡಗುಗಳನ್ನು ಕಿತ್ತು ದಡಕ್ಕೆ ಒಗೆದು ಹತ್ತಾರು ಸಾವಿರ ಜೀವ ತೆಗೆದಾಗ, ಮುಂದಿನ ವರ್ಷವೇ ಅಲ್ಲಿ ಬಿರುಗಾಳಿಯ ಮುನ್ನೆಚ್ಚರಿಕೆ ಕೊಡುವ ಏರ್ಪಾಟಾಯಿತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ಊರೂರಿನ ವಾಯುಭಾರಮಾಪಕದ ಅಂಕಿಗಳು ತಂತಿಯಲ್ಲಿ ಓಡಿ ಒಂದು ನಕ್ಷೆಯ ಮೇಲೆ ಕೂಡಿದವು. ವಾಯುಭಾರ ಎಲ್ಲಿ ಕುಸಿಯುತ್ತಿದೆ, ಬಿರುಗಾಳಿ ಯಾವ ಕಡೆ ಸಾಗುತ್ತಿದೆ ಎಂಬುದು ಒಂದೆರಡು ದಿನ ಮೊದಲೇ ಕಾಣತೊಡಗಿತು. ಮುಂದೆ ಪಶ್ಚಿಮ ಕರಾವಳಿಯ ಬಂದರುಗಳಲ್ಲೂ ಸಂಕೇತದ ಕಂಬಗಳು ಎದ್ದವು. ಹಗಲು ಡೋಲು, ಶಂಕುವಿನಾಕಾರದ ಗುರುತು. ರಾತ್ರಿ ಕೆಂಪು, ಬಿಳಿ ದೀಪ. ‘ಬಂದರಿನಲ್ಲಿ ಮೂರನೇ ನಂಬರ್ ಹಾಕಿದ್ದಾರೆ’ ಎಂಬ ಮಾತು ಇವತ್ತಿಗೂ ಮಂಗಳೂರು, ಮಲ್ಪೆಗಳಲ್ಲಿ ಚಾಲ್ತಿಯಲ್ಲಿದೆ.

ಈ ಏರ್ಪಾಟಿನಲ್ಲಿ ಒಂದು ಕೊರತೆ ಇತ್ತು. ಅದು ಗಾಳಿಯ ಸುದ್ದಿ ಕೊಡುತ್ತಿತ್ತು, ಅಲೆಯ ಸುದ್ದಿ ಕೊಡುತ್ತಿರಲಿಲ್ಲ. ಹಡಗನ್ನು ಮುಳುಗಿಸುವುದು ಬಹಳ ಸಲ ಅಲೆಯೇ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ರೂಪಿಸಿದ ಮಾಪಕದಲ್ಲೂ ಗಾಳಿಗೆ ಅಂಕಿ ಇತ್ತು. ಅಲೆಯ ಎತ್ತರ ನಾವಿಕನ ಕಣ್ಣಂದಾಜಿಗೆ ಬಿಟ್ಟದ್ದಾಗಿತ್ತು. ಗಾಳಿಯೇ ಇಲ್ಲದ ದಿನ ಎಲ್ಲಿಂದಲೋ ಬರುವ ದೊಡ್ಡ ಉಬ್ಬಲೆಗೆ ಕಂಬದ ಮೇಲೆ ಯಾವ ಗುರುತೂ ಇರಲಿಲ್ಲ.

ಮಂಗಳೂರಿನ ಹಳೆ ಬಂದರು ಈ ಕೊರತೆಯನ್ನು ನೂರು ವರ್ಷ ಅನುಭವಿಸಿತು. ನೇತ್ರಾವತಿ, ಗುರುಪುರ ನದಿಗಳು ಕೂಡುವ ಅಳಿವೆಯಲ್ಲಿ ಮರಳ ದಿಬ್ಬ. ದೊಡ್ಡ ಹಡಗು ಒಳಗೆ ಬರುವಂತಿಲ್ಲ. ಹಡಗು ಹೊರಗಡಲಿನಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಹೆಂಚು, ಕಾಫಿ, ಗೋಡಂಬಿಯನ್ನು ದೋಣಿಗಳಲ್ಲಿ ಅದರ ಮಗ್ಗುಲಿಗೆ ಒಯ್ದು ಏರಿಸುತ್ತಿದ್ದರು. ದೋಣಿ ಏಳುವುದೂ ಹಡಗು ಇಳಿಯುವುದೂ ಒಂದೇ ಕ್ಷಣದಲ್ಲಾದರೆ ಮೂಟೆಯೂ ಹೋಯಿತು, ಕೆಲವೊಮ್ಮೆ ಹಮಾಲಿಯ ಕೈಕಾಲೂ ಹೋಯಿತು. ಮುಂಗಾರಿನಲ್ಲಿ ಈ ಕೆಲಸವೇ ನಿಂತುಹೋಗುತ್ತಿತ್ತು. ವರ್ಷವಿಡೀ ತೆರೆದಿರುವ ಬಂದರು ಬೇಕೆಂದು ಪಣಂಬೂರಿನಲ್ಲಿ ಕಡಲಿಗೆ ಎರಡು ತಡೆಗೋಡೆ ಚಾಚಿ, ಒಳನಾಡಿಗೆ ಕಾಲುವೆ ಕೊರೆದು ನವಮಂಗಳೂರು ಬಂದರು ಕಟ್ಟಿದರು. 1974ರ ಮೇ 4ರಂದು ಅದು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಆಗ ಮಳೆಗಾಲದಲ್ಲೂ ಹಡಗು ಬರತೊಡಗಿತು. ಅಲ್ಲಿಯವರೆಗೆ ಯಾರೂ ಎದುರಿಸಬೇಕಿಲ್ಲದ ಜುಲೈ ತಿಂಗಳ ಅಲೆಯನ್ನು ಈಗ ದಿನವೂ ಲೆಕ್ಕ ಹಾಕಬೇಕಾಯಿತು.

ಗಂಟೆಗಳ ಲೆಕ್ಕ

ಲೆಕ್ಕ ಹಾಕುವ ವಿದ್ಯೆ ಹುಟ್ಟಿದ್ದು ಯುದ್ಧದಲ್ಲಿ. 1942ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ಕರಾವಳಿಯಲ್ಲಿ ಸೈನಿಕರು ದೋಣಿಯಿಂದ ದಡಕ್ಕಿಳಿಯುವ ಅಭ್ಯಾಸ ಮಾಡುತ್ತಿದ್ದರು. ಅಲೆ ಸುಮಾರು ಐದಡಿ ದಾಟಿದರೆ ದೋಣಿ ಅಡ್ಡ ತಿರುಗಿ ನೀರು ತುಂಬುತ್ತಿತ್ತು. ಅಂದಿನ ಅಭ್ಯಾಸ ನಿಲ್ಲಿಸಿ ಮರುದಿನಕ್ಕೆ ಕಾಯುತ್ತಿದ್ದರು. ಇದನ್ನು ಗಮನಿಸಿದವನು ಇನ್ನೂ ಇಪ್ಪತ್ತೈದು ತುಂಬದ ವಾಲ್ಟರ್ ಮಂಕ್. ಈ ಪಡೆ ನಿಜವಾಗಿ ಇಳಿಯಬೇಕಿದ್ದದ್ದು ವಾಯವ್ಯ ಆಫ್ರಿಕಾದ ದಡಕ್ಕೆ. ಅಲ್ಲಿ ಚಳಿಗಾಲದ ಅಲೆ ಸಾಮಾನ್ಯವಾಗಿ ಅದಕ್ಕಿಂತ ಎತ್ತರ ಎಂದು ಅವನಿಗೆ ಕಡತಗಳಲ್ಲಿ ಸಿಕ್ಕಿತು. ಕಾದರೆ ಶತ್ರು ಕಾಯುವುದಿಲ್ಲ. ಮಂಕ್ ತನ್ನ ಗುರು, ಸ್ಕ್ರಿಪ್ಸ್ ಸಾಗರ ಸಂಸ್ಥೆಯ ನಿರ್ದೇಶಕ ಹೆರಾಲ್ಡ್ ಸ್ವೆರ್‌ಡ್ರಪ್ ಜೊತೆ ಕೂತು ಒಂದು ವಿಧಾನ ಕಟ್ಟಿದ. ಗಾಳಿ ಎಷ್ಟು ಬಿರುಸು, ಎಷ್ಟು ಹೊತ್ತು ಬೀಸಿತು, ಎಷ್ಟು ದೂರದ ನೀರಿನ ಮೇಲೆ ಬೀಸಿತು, ಈ ಮೂರರಿಂದ ಅಲೆಯ ಎತ್ತರವನ್ನೂ ಅವಧಿಯನ್ನೂ ಹೇಳುವ ಕೋಷ್ಟಕ ಅದು.

ಕಡಲಿನ ಅಲೆಗಳೆಲ್ಲ ಒಂದೇ ಎತ್ತರ ಇರುವುದಿಲ್ಲ. ಹಾಗಾದರೆ ಯಾವ ಎತ್ತರವನ್ನು ಹೇಳಬೇಕು? ದೋಣಿ ನಡೆಸುವವರು ಕಣ್ಣಂದಾಜಿನಲ್ಲಿ ಹೇಳಿದ ಅಂಕಿಗೂ ಅಳತೆಗೂ ತಾಳೆ ನೋಡಿದರು. ಇದ್ದ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲಿನ ಸರಾಸರಿಗೆ ಅವರ ಅಂದಾಜು ಹತ್ತಿರ ಬಂತು. ಇಂದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದಿಂದ ಬರುವ ಬುಲೆಟಿನ್ನಿನಲ್ಲಿ ‘ಅಲೆಯ ಎತ್ತರ 3 ಮೀಟರ್’ ಎಂದಿದ್ದರೆ ಅದು ಈ ಸರಾಸರಿಯೇ. ಅಂಥ ಕಡಲಿನಲ್ಲಿ ಕೆಲವು ಗಂಟೆ ಇದ್ದರೆ 5 ಮೀಟರ್ ಮೀರಿದ ಒಂಟಿ ಅಲೆಯನ್ನೂ ಕಾಣಬೇಕಾಗುತ್ತದೆ. ಬುಲೆಟಿನ್ ಓದುವ ತಂಡೇಲನಿಗೆ ಇದು ತಿಳಿದಿರಲೇಬೇಕು.

ಸ್ಕ್ರಿಪ್ಸ್‌ನಲ್ಲಿ ಕಲಿತ ಅಧಿಕಾರಿಗಳು ಅಟ್ಲಾಂಟಿಕ್, ಪೆಸಿಫಿಕ್ ಎರಡೂ ಸಾಗರಗಳ ಯುದ್ಧರಂಗಕ್ಕೆ ಹೋದರು. ನಾರ್ಮಂಡಿಯ ದಾಳಿ 1944ರ ಜೂನ್ 5ರಿಂದ 6ಕ್ಕೆ ಮುಂದೆ ಹೋದದ್ದು ಗಾಳಿ, ಮೋಡ, ಅಲೆಯ ಮುನ್ಸೂಚನೆ ನೋಡಿಯೇ. ಅದೇ ವರ್ಷ ಡಿಸೆಂಬರ್ 18ರಂದು ಫಿಲಿಪ್ಪೀನ್ಸಿನ ಪೂರ್ವಕ್ಕೆ ಅಡ್ಮಿರಲ್ ಹಾಲ್ಸಿಯ ನೌಕಾಪಡೆ ಟೈಫೂನಿನೊಳಕ್ಕೆ ನುಗ್ಗಿ ಮೂರು ಡಿಸ್ಟ್ರಾಯರ್‌ಗಳನ್ನೂ ಸುಮಾರು 790 ನಾವಿಕರನ್ನೂ ಕಳೆದುಕೊಂಡಿತು. ಜಗತ್ತಿನ ಅತಿ ಬಲಿಷ್ಠ ಪಡೆಗೂ ಬಿರುಗಾಳಿ ಎಲ್ಲಿದೆ ಎಂಬ ಸುದ್ದಿ ಸರಿಯಾಗಿ ಸಿಕ್ಕಿರಲಿಲ್ಲ.

ಯುದ್ಧ ಮುಗಿದ ಮೇಲೆ ಮಂಕ್ ಅಲೆಯ ಬೆನ್ನು ಹತ್ತಿದ. 1950ರ ದಶಕದಲ್ಲಿ ಮೆಕ್ಸಿಕೊ ಪಕ್ಕದ ಗ್ವಾಡಲೂಪೆ ದ್ವೀಪದಲ್ಲಿ ಅಳೆದ ಉಬ್ಬಲೆಗಳ ಮೂಲವನ್ನು ಹಿಂದಕ್ಕೆ ಹಿಡಿದು ಹೋದಾಗ ಅವು ಹುಟ್ಟಿದ್ದು ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಎಂದು ತಿಳಿಯಿತು. ಅಲೆ ಹುಟ್ಟಿದ ಊರು ಬೇರೆ, ಬಡಿಯುವ ಊರು ಬೇರೆ. ಜರ್ಮನಿಯ ಕ್ಲಾಸ್ ಹಾಸೆಲ್‌ಮನ್ ಮುಂತಾದವರು ಅಲೆಗಳು ಒಂದಕ್ಕೊಂದು ಶಕ್ತಿ ಹಂಚಿಕೊಳ್ಳುವ ಗಣಿತ ಬಿಡಿಸಿದರು. 1988ರ ಹೊತ್ತಿಗೆ ಇಡೀ ಭೂಗೋಳದ ಕಡಲನ್ನು ಒಟ್ಟಿಗೆ ಲೆಕ್ಕ ಹಾಕುವ ‘ವ್ಯಾಮ್’ ಎಂಬ ಕಂಪ್ಯೂಟರ್ ಮಾದರಿ ಸಿದ್ಧವಾಯಿತು. ಹಾಸೆಲ್‌ಮನ್‌ಗೆ 2021ರಲ್ಲಿ ಹವಾಮಾನ ಬದಲಾವಣೆಯ ಕೆಲಸಕ್ಕಾಗಿ ಭೌತಶಾಸ್ತ್ರದ ನೊಬೆಲ್ ಬಂತು.

ಭಾರತದಲ್ಲಿ ಈ ಕೆಲಸದ ಕೊಂಡಿಗಳು ಒಂದೊಂದಾಗಿ ಸೇರಿದವು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ 1966ರಲ್ಲಿ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ 1999ರಲ್ಲಿ ಶುರುವಾದವು. 2005ರಿಂದ ಇನ್‌ಕಾಯ್ಸ್ ಸಾಗರ ಸ್ಥಿತಿಯ ಮುನ್ಸೂಚನೆ ಕೊಡುತ್ತ ಬಂದಿದೆ. ಅದೇ 2005ರಲ್ಲಿ ಸುರತ್ಕಲ್‌ನ ಎನ್‌ಐಟಿಕೆಯ ಸುಬ್ಬ ರಾವ್ ಅವರೂ ಗೋವಾ ಸಂಸ್ಥೆಯ ಎಸ್. ಮಂಡಲ್ ಅವರೂ ಚಂಡಮಾರುತದ ವಿವರಗಳಿಂದ ಅಲೆಯನ್ನು ಅಂದಾಜು ಮಾಡಲು ನ್ಯೂರಲ್ ನೆಟ್‌ವರ್ಕ್ ಬಳಸಿದ ಪ್ರಬಂಧ ಪ್ರಕಟಿಸಿದರು. ಕೃತಕ ಬುದ್ಧಿಮತ್ತೆ ಎಂಬ ಮಾತು ಮನೆಮಾತಾಗುವುದಕ್ಕೆ ಎಷ್ಟೋ ಮೊದಲು ಅರಬ್ಬಿ ಸಮುದ್ರದ ಪಕ್ಕದ ಕಾಲೇಜಿನಲ್ಲಿ ನಡೆದ ಕೆಲಸ ಅದು.

ಮಾದರಿ ಎಷ್ಟೇ ಜಾಣವಿದ್ದರೂ ಅದು ಹೇಳಿದ್ದು ಸರಿಯೇ ಎಂದು ನೋಡಲು ಕಡಲಿನಲ್ಲಿ ಸಾಕ್ಷಿ ಬೇಕು. ಹೊನ್ನಾವರ, ಕಾರವಾರ, ಮಲ್ಪೆಯ ಮುಂದೆ ಲಂಗರು ಕಟ್ಟಿ ತೇಲಿಬಿಟ್ಟ ಹಳದಿ ಗೋಳಗಳು ಆ ಸಾಕ್ಷಿ. ಅಲೆಯ ಜೊತೆ ಏಳುತ್ತ ಬೀಳುತ್ತ ಒಳಗಿನ ಉಪಕರಣ ತನ್ನ ಏರಿಳಿತವನ್ನು ಅಳೆದು ಅರ್ಧ ಗಂಟೆಗೊಮ್ಮೆ ಕಡಲಿನ ಸ್ಥಿತಿಯನ್ನು ತಿಳಿಸುತ್ತದೆ. ಈ ಅಳತೆಗಳು ಕರಾವಳಿಯವರ ಅನುಭವಕ್ಕೆ ಅಂಕಿ ಕೊಟ್ಟವು, ಅನುಭವದಲ್ಲಿ ಇಲ್ಲದ್ದನ್ನೂ ತೋರಿಸಿದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯದ ಅಲೆ ಎಲ್ಲರಿಗೂ ಗೊತ್ತಿದ್ದದ್ದು. ಮಧ್ಯಾಹ್ನದ ಕಡಲಗಾಳಿ ಎಬ್ಬಿಸುವ ಗಿಡ್ಡ ಅಲೆಯೂ ಗೊತ್ತಿದ್ದದ್ದೇ. ಆದರೆ ಚಳಿಗಾಲದಲ್ಲಿ ಅರೇಬಿಯಾದ ‘ಶಮಾಲ್’ ಗಾಳಿ ಎಬ್ಬಿಸಿದ ಅಲೆ ಅರಬ್ಬಿ ಸಮುದ್ರವನ್ನು ಅಡ್ಡ ದಾಟಿ ವಾಯವ್ಯದಿಂದ ನಮ್ಮ ದಡಕ್ಕೆ ಬರುತ್ತದೆಂಬುದನ್ನು 2011ರಲ್ಲಿ ಗೋವಾದ ವಿಜ್ಞಾನಿಗಳು ಖಚಿತಪಡಿಸಿದರು.

ಎಲ್ಲಕ್ಕಿಂತ ದೂರದ ನೆಂಟ ದಕ್ಷಿಣದಿಂದ ಬರುತ್ತಾನೆ. ಭೂಮಧ್ಯರೇಖೆಯ ಆಚೆ, ದಕ್ಷಿಣ ಅಕ್ಷಾಂಶ 40 ಡಿಗ್ರಿಯ ಸುತ್ತ ಬಿರುಗಾಳಿ ಎದ್ದಾಗ ಹುಟ್ಟುವ ಉದ್ದನೆಯ ಉಬ್ಬಲೆಗೆ 18 ಸೆಕೆಂಡಿನ ಅವಧಿ ಇದ್ದರೆ ಅದರ ಶಕ್ತಿ ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಅಲ್ಲಿಂದ ಮಂಗಳೂರಿಗೆ ಆರು ಸಾವಿರ ಕಿ.ಮೀ. ಹತ್ತಿರ ಹತ್ತಿರ, ಅಂದರೆ ಐದು ದಿನದ ಪಯಣ. ಇಲ್ಲಿ ಆಕಾಶ ತಿಳಿಯಾಗಿದ್ದು ಎಲೆ ಅಲುಗದಿದ್ದರೂ ಕಡಲು ಉಕ್ಕಿ ದಡದ ಮನೆಗಳಿಗೆ ನುಗ್ಗುತ್ತದೆ. ಕೇರಳದವರು ಇದನ್ನು ಕಲ್ಲಕ್ಕಡಲ್ ಎನ್ನುತ್ತಾರೆ. ಈ ಐದು ದಿನ ಉಪಗ್ರಹಕ್ಕೂ ಕಂಪ್ಯೂಟರಿಗೂ ಧಾರಾಳವಾದ ಸಮಯ. ಉಬ್ಬಲೆ ಬರುವ ಮೊದಲೇ ಎಚ್ಚರಿಸುವ ಪ್ರತ್ಯೇಕ ವ್ಯವಸ್ಥೆಯನ್ನು ಇನ್‌ಕಾಯ್ಸ್ 2020ರಲ್ಲಿ ಆರಂಭಿಸಿತು.

ನಿಮಿಷಗಳ ಲೆಕ್ಕ

ಮುನ್ಸೂಚನೆ ಗಂಟೆಗಳ ಮಟ್ಟಕ್ಕೆ ಇಳಿದರೂ ಹಡಗಿನ ಮೇಲಿರುವವನ ಪ್ರಶ್ನೆ ಇನ್ನೂ ಚಿಕ್ಕದು: ಮುಂದಿನ ಅಲೆ ಯಾವುದು? ನವಮಂಗಳೂರಿಗೆ ಬರುವ ಹಡಗಿಗೆ ದಾರಿ ತೋರಿಸಲು ಬಂದರಿನ ಪೈಲಟ್ ಹೊರಗಡಲಿಗೆ ಹೋಗಿ ಚಿಕ್ಕ ದೋಣಿಯಿಂದ ಹಡಗಿನ ಮಗ್ಗುಲಿಗೆ ಇಳಿಬಿಟ್ಟ ಹಗ್ಗದ ಏಣಿಗೆ ಕಾಲಿಡಬೇಕು. ದೋಣಿ ಅಲೆಯ ನೆತ್ತಿ ಮುಟ್ಟಿದ ಕ್ಷಣದಲ್ಲೇ ಏಣಿ ಹಿಡಿಯಬೇಕು. ತಡವಾದರೆ ದೋಣಿ ಕೆಳಗಿಳಿದಿರುತ್ತದೆ, ಮತ್ತೆ ಮೇಲೆ ಬರುವಾಗ ಕಾಲನ್ನು ಜಜ್ಜುತ್ತದೆ. ಹಡಗು ಕಾಲುವೆಗೆ ಬಂದ ಮೇಲೂ ಅದು ಏರಿಳಿಯುತ್ತಲೇ ಇರುತ್ತದೆ. ತಳಕ್ಕೂ ಕಡಲ ನೆಲಕ್ಕೂ ನಡುವೆ ಇರುವ ನೀರು ಅಷ್ಟರಲ್ಲೇ ಸಾಕಾಗಬೇಕು.

ಅಲೆಯ ಎತ್ತರ ಒಂದೇ ತಿಳಿದರೆ ಸಾಲದು ಎಂಬುದಕ್ಕೆ 1998ರ ಅಕ್ಟೋಬರಿನಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ಸಿಕ್ಕಿಕೊಂಡ ‘ಎಪಿಎಲ್ ಚೀನಾ’ ಎಂಬ ಕಂಟೇನರ್ ಹಡಗು ಸಾಕ್ಷಿ. ಎದುರಿನಿಂದ ಬರುತ್ತಿದ್ದ ಅಲೆಗಳ ಅವಧಿಗೂ ಹಡಗು ಹೊರಳುವ ಅವಧಿಗೂ ತಾಳ ಕೂಡಿ, ಹೊರಳಾಟ ಬೆಳೆಯುತ್ತ ಬೆಳೆಯುತ್ತ ಹೋಗಿ ಸುಮಾರು 400 ಕಂಟೇನರ್‌ಗಳು ಕಡಲು ಪಾಲಾದವು. ದಿಕ್ಕು, ವೇಗಗಳನ್ನು ಸಕಾಲಕ್ಕೆ ಬದಲಿಸಿದ್ದರೆ ಆ ತಾಳ ತಪ್ಪುತ್ತಿತ್ತು. ಇದಕ್ಕೂ ಮುಂಚೆ, 1995ರ ಜನವರಿ 1ರಂದು ಉತ್ತರ ಸಮುದ್ರದ ಡ್ರಾಪ್ನರ್ ಅನಿಲವೇದಿಕೆಯ ಲೇಸರ್ ಮಾಪಕ 25.6 ಮೀಟರ್ ಎತ್ತರದ ಒಂದು ಅಲೆಯನ್ನು ದಾಖಲಿಸಿತ್ತು. ಆಗ ಅಲ್ಲಿನ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲಿನ ಸರಾಸರಿ ಸುಮಾರು 12 ಮೀಟರ್‌ನದು. ನಾವಿಕರು ಹೇಳುತ್ತ ಬಂದಿದ್ದ ರಾಕ್ಷಸ ಅಲೆಯನ್ನು ಕಟ್ಟುಕಥೆ ಎಂದು ತಳ್ಳಿಹಾಕಲು ಇನ್ನು ಆಗದಾಯಿತು.

ಮುಂದಿನ ಅಲೆಯನ್ನು ಕಾಣುವ ಕಣ್ಣು ಹಡಗಿನಲ್ಲಿ ಮೊದಲೇ ಇತ್ತು. ಪ್ರತಿ ಹಡಗಿನ ರಾಡಾರಿನ ಪರದೆಯ ಮೇಲೂ ಅಲೆಯಿಂದ ಚದುರಿ ಬಂದ ಚುಕ್ಕೆಗಳು ಗಲಾಟೆ ಎಬ್ಬಿಸುತ್ತವೆ. ಬೇರೆ ಹಡಗನ್ನು ಕಾಣಲು ಅಡ್ಡಿ ಎಂದು ನಾವಿಕರು ಅದನ್ನು ಅಳಿಸುತ್ತಿದ್ದರು. ಇಯಾನ್ ಯಂಗ್, ವುಲ್ಫ್‌ಗಾಂಗ್ ರೋಸೆಂಥಾಲ್, ಫ್ರೀಡ್‌ವಾರ್ಟ್ ಝೀಮರ್ 1985ರಲ್ಲಿ ಆ ಚುಕ್ಕೆಗಳ ಒಂದರ ಹಿಂದೊಂದು ಚಿತ್ರವನ್ನು ವಿಶ್ಲೇಷಿಸಿದರೆ ಅಲೆಯ ದಿಕ್ಕು, ಉದ್ದ, ನೀರಿನ ಸೆಳೆತ ಎಲ್ಲ ಸಿಗುತ್ತದೆಂದು ತೋರಿಸಿದರು. ರಾಡಾರ್ ಒಂದೆರಡು ಸೆಕೆಂಡಿಗೊಮ್ಮೆ ಸುತ್ತುತ್ತ ಮೂರು ನಾಲ್ಕು ಕಿ.ಮೀ. ಆಚೆಯ ಅಲೆಯನ್ನು ಕಾಣುತ್ತದೆ. ಅದು ಹಡಗಿಗೆ ಬಡಿಯುವ ಮೊದಲು ಎರಡು ಮೂರು ನಿಮಿಷ ಸಿಗುತ್ತದೆ. ಆ ಅವಧಿಯಲ್ಲಿ ಅಲೆ ಯಾವಾಗ ಬರುತ್ತದೆ, ಹಡಗು ಎಷ್ಟು ಏಳುತ್ತದೆ, ಯಾವ ಕಡೆ ವಾಲುತ್ತದೆ ಎಂದು ಲೆಕ್ಕ ಹಾಕಿ ಮುಗಿಸಬೇಕು. ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿ ಒಂದು ಹಡಗಿನಿಂದ ಇನ್ನೊಂದಕ್ಕೆ ನಡುಗಡಲಿನಲ್ಲಿ ಸರಕು ಸಾಗಿಸುವ ಕೆಲಸಕ್ಕಾಗಿ ಇಂಥ ವ್ಯವಸ್ಥೆಗೆ ಹಣ ಸುರಿಯಿತು. ಕ್ರೇನ್ ಎತ್ತಿದ ಹೊರೆಯನ್ನು ಇಳಿಸಲು, ಹೆಲಿಕಾಪ್ಟರ್ ಡೆಕ್ ಮುಟ್ಟಲು ಅರ್ಧ ನಿಮಿಷದ ನಿಶ್ಚಲತೆ ಸಿಕ್ಕರೆ ಸಾಕು. ಆ ಅರ್ಧ ನಿಮಿಷ ಯಾವಾಗ ಬರುತ್ತದೆಂದು ತಿಳಿಯಬೇಕಷ್ಟೆ.

ಟಿಪ್ಪು ತನ್ನ ನೌಕೆಗಳ ಒಂದು ನೆಲೆಯನ್ನು ಗುರುತಿಸಿದ್ದ ಸದಾಶಿವಗಡದಿಂದ ಸ್ವಲ್ಪ ದಕ್ಷಿಣಕ್ಕೆ ಇಂದು ಐಎನ್‌ಎಸ್ ಕದಂಬ ನೌಕಾನೆಲೆ ಇದೆ. 2014ರ ಜನವರಿಯಲ್ಲಿ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಅಲ್ಲಿಗೆ ಬಂದಿತು. 284 ಮೀಟರ್ ಉದ್ದದ ಆ ಡೆಕ್ಕು ಕೂಡ ಮುಂಗಾರಿನ ಅಲೆಗೆ ಏರಿಳಿಯುತ್ತದೆ. ಇಳಿಯಲು ಬರುವ ವಿಮಾನಚಾಲಕನಿಗೆ ಆ ಏರಿಳಿತವೇ ಎಲ್ಲ.

ಸುದ್ದಿ ತಲುಪಿದ ಮೇಲೆ

2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಕೇರಳ, ಕನ್ಯಾಕುಮಾರಿಯ ಕಡಲಲ್ಲಿ ಏಕಾಏಕಿ ಬಲವಾದಾಗ ಮೀನುಗಾರರು ದಿನಗಳ ಹಿಂದೆಯೇ ಆಳಗಡಲಿಗೆ ಹೋಗಿದ್ದರು. ದಡದಿಂದ ಹತ್ತು ಹನ್ನೆರಡು ಕಿ.ಮೀ. ದಾಟಿದರೆ ಮೊಬೈಲ್ ಸಿಗದು. ಎಚ್ಚರಿಕೆ ದಡದಲ್ಲಿ ಉಳಿಯಿತು. ಇನ್ನೂರಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಆ ಪೆಟ್ಟಿನ ನಂತರ ಉಪಗ್ರಹದ ಮೂಲಕ ನೇರವಾಗಿ ದೋಣಿಗೆ ಎಚ್ಚರಿಕೆ ಮುಟ್ಟಿಸುವ ‘ಜೆಮಿನಿ’ ಉಪಕರಣ 2019ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ಅದು ಕೊಟ್ಟದ್ದು ಸುದ್ದಿಯ ದಾರಿಯನ್ನು. ಮುನ್ಸೂಚನೆಯ ಗಣಿತ ಅದಕ್ಕೂ ಮೊದಲೇ ಇತ್ತು.

2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಇನ್ನೊಂದು ಪಾಠ ಹೇಳಿತು. ಈ ಸಲ ಸುದ್ದಿ ತಡವಾಗಲಿಲ್ಲ. ಬಿರುಗಾಳಿಗೆ ಹೆಸರು ಬೀಳುವ ಮೊದಲೇ ಕಡಲಿಗೆ ಇಳಿಯಬೇಡಿ ಎಂಬ ಎಚ್ಚರಿಕೆ ಹೊರಟಿತ್ತು. ಮಲ್ಪೆ, ಗಂಗೊಳ್ಳಿಯ ಬಹುಪಾಲು ದೋಣಿಗಳು ದಡ ಸೇರಿದ್ದವು. ಆದರೂ ಮಂಗಳೂರಿನ ಹೊರಗಡಲಿನಲ್ಲಿ ಕೆಲಸಕ್ಕಿದ್ದ ಎರಡು ಟಗ್‌ಗಳು ಅಲ್ಲೇ ಉಳಿದವು. ‘ಅಲಯನ್ಸ್’ ಮಗುಚಿ ಜೀವಹಾನಿಯಾಯಿತು. ‘ಕೋರಮಂಡಲ್ ಸಪೋರ್ಟರ್-9’ ಮೂಲ್ಕಿಯ ಮುಂದಿನ ಬಂಡೆಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನು ಮೇ 17ರಂದು ಕರಾವಳಿ ಕಾವಲು ಪಡೆಯ ವರಾಹ ಹಡಗಿನವರೂ ನೌಕಾಪಡೆಯ ಹೆಲಿಕಾಪ್ಟರೂ ಸೇರಿ ಉಳಿಸಿದರು. ಅಲೆ ಕಡಿಮೆಯಾಗುವವರೆಗೆ ಹತ್ತಿರ ಹೋಗುವುದೇ ಆಗಿರಲಿಲ್ಲ.

ತದಡಿಯಿಂದ ಹೊರಟವರಿಗೆ ಕಡಲಿನ ಮುಂದಿನ ನಡೆ ಋತುವಿನ ಮಟ್ಟದಲ್ಲಿ ಗೊತ್ತಿತ್ತು. ತಂತಿ ಅದನ್ನು ದಿನಕ್ಕೆ ಇಳಿಸಿತು, ಮಂಕ್‌ನ ಕೋಷ್ಟಕವೂ ಹಾಸೆಲ್‌ಮನ್‌ನ ಗಣಿತವೂ ಗಂಟೆಗೆ, ರಾಡಾರ್ ನಿಮಿಷಕ್ಕೆ. ಆದರೆ ನೂಲ ಹುಣ್ಣಿಮೆಯ ಕಟ್ಟಳೆಯಲ್ಲಿ ಒಂದು ಗುಣವಿತ್ತು: ಕಡಲಿಗೆ ಇಳಿಯಬಾರದು ಎಂದರೆ ಯಾರೂ ಇಳಿಯುತ್ತಿರಲಿಲ್ಲ. ಮುನ್ಸೂಚನೆಯೂ ನಿರ್ಧಾರವೂ ಅಲ್ಲಿ ಒಂದೇ ಆಗಿದ್ದವು. ಈಗ ಮುನ್ಸೂಚನೆ ಹೈದರಾಬಾದಿನಲ್ಲಿ ತಯಾರಾಗುತ್ತದೆ, ನಿರ್ಧಾರ ಕಂಪನಿಯ ಕಚೇರಿಯಲ್ಲಿ, ಬಂದರಿನ ನಿಯಂತ್ರಣ ಕೊಠಡಿಯಲ್ಲಿ, ಹಡಗಿನ ಚುಕ್ಕಾಣಿ ಕೋಣೆಯಲ್ಲಿ ಹಂಚಿಹೋಗಿದೆ. ಲಂಗರು ಎತ್ತಿದರೆ ಆಗುವ ನಷ್ಟದ ಲೆಕ್ಕ ಪ್ರತಿಯೊಬ್ಬರ ಮೇಜಿನ ಮೇಲೂ ಇರುತ್ತದೆ. ಇಂತಿಷ್ಟು ಮೀಟರ್ ಅಲೆ ಬರುತ್ತದೆಂದಾದರೆ ಯಾರನ್ನೂ ಕೇಳದೆ ಕೆಲಸ ನಿಲ್ಲಿಸುವ ಅಧಿಕಾರ ಹಡಗಿನ ನಾಯಕನಿಗೆ ಇರಬೇಕು, ಹಾಗೆ ನಿಲ್ಲಿಸಿದ್ದಕ್ಕೆ ಅವನಿಗೆ ದಂಡ ಬೀಳಬಾರದು. ಎರಡು ಶತಮಾನ ದುಡಿದು ಗಳಿಸಿದ ಸಮಯ ಜೀವ ಉಳಿಸುವುದು ಆಗ ಮಾತ್ರ.